ಏನೂ ಇರಲಿಲ್ಲ ಎಂದ ಆವಲಪ್ಪ

ಹೂಡಿಯ ಆವಲಪ್ಪನಿಗೆ ಅರವತ್ತೆಂಟು. ಅವನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಟೆಕ್ ಪಾರ್ಕ್ ಇದೆ. ಅದೇ ಪಾರ್ಕಿನಲ್ಲಿ ಹದಿನೇಳು ವರ್ಷ ಮಾಲಿಯಾಗಿದ್ದ. ಹಿಂದಿನ ಪಾರ್ಕಿಂಗ್ ಪಕ್ಕ, ಹೊಂಗೆಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಅದರಡಿಯಲ್ಲೇ ಅವನ ಅಪ್ಪನನ್ನು ಮಣ್ಣು ಮಾಡಿದ್ದು. ಭೂಮಿ ಪಾರ್ಕಿಗೆ ಹೋಗುವಾಗ, ಸಮಾಧಿ ಇದೆ ಎಂದು ಹೇಳಿಕೊಂಡವರ ಹಿರಿಯರನ್ನೆಲ್ಲ ಅಗೆದು ಬೇರೆಡೆಗೆ ಸಾಗಿಸಿದ್ದನ್ನು ಕಂಡು ಆವಲಪ್ಪ ಬಾಯಿ ಬಿಟ್ಟಿರಲಿಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ, ಗಿಡಕ್ಕೆ ನೀರು ಬಿಡುವ ನೆಪದಲ್ಲಿ ಹೋಗಿ ಅಪ್ಪನಿಗೆ ಎಡೆ ಇಟ್ಟು ಬರುತ್ತಿದ್ದ.

ಹೋದ ವರ್ಷ ಪಾರ್ಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆಯಲು ಶರಣ್ಯ ಎಂಬ ಹುಡುಗಿ ಬಂದಳು. ಇದು ನಾನ್‌ಫಿಕ್ಷನ್, ಕಟ್ಟಿದ ಕಥೆಯಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುವುದು ಎಂದು ತಾಳ್ಮೆಯಿಂದ ವಿವರಿಸಿ, ಮೊದಲು ಇಲ್ಲಿ ಏನಿತ್ತು ಎಂದು ಕೇಳಿದಳು. ಅವಳ ಮೊಬೈಲು ಮಾತು ಹಿಡಿಯುತ್ತಿದ್ದದ್ದನ್ನು ಕಂಡು ಆವಲಪ್ಪನಿಗೆ, ಹಿಂದೆ ಹೊಲ ಅಳೆದು ಸಮಾಧಿಗಳನ್ನು ಬರೆದುಕೊಂಡು ಹೋಗಿದ್ದ ಸರ್ವೆಯವರು ನೆನಪಾದರು.

“ಏನೂ ಇರ್ಲಿಲ್ಲ ಕಣವ್ವ. ಬರೀ ಕಲ್ಲು, ಜಾಲಿಮುಳ್ಳು,” ಎಂದುಬಿಟ್ಟ.

ಈ ವರ್ಷ ತೋಟದ ಕಂಟ್ರಾಕ್ಟು ಬದಲಾಗಿ, ವಯಸ್ಸಾದ ಮಾಲಿಗಳನ್ನೆಲ್ಲ ಬಿಡಿಸಿದರು. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಎಡೆಯ ಬುಟ್ಟಿ ಹಿಡಿದು ಬಂದ ಆವಲಪ್ಪನನ್ನು ಗೇಟಿನಲ್ಲೇ ತಡೆದರು. ಬೇರೆ ದಾರಿಯಿಲ್ಲದೆ ಪಾರ್ಕಿನ ಮ್ಯಾನೇಜರ್ ಮುರಳಿಯ ಮುಂದೆ ಇದ್ದದ್ದನ್ನೆಲ್ಲ ಹೇಳಿದ. ಮುರಳಿ ಕೆಟ್ಟವನಲ್ಲ, ಕುರ್ಚಿ ಕೊಟ್ಟು ಕೂರಿಸಿದ. ಆಮೇಲೆ ಶರಣ್ಯ ಬರೆದ ಹೊಳೆಯುವ ಪುಸ್ತಕ ತೆಗೆದು, ಆವಲಪ್ಪನ ಫೋಟೊ ತೋರಿಸಿ, ಅದರ ಕೆಳಗಿನ ಸಾಲನ್ನು ಕನ್ನಡದಲ್ಲಿ ಹೇಳಿದ. ಕಲ್ಲು, ಜಾಲಿಮುಳ್ಳು.

“ಅವತ್ತು ಸುಳ್ಳೇಳ್ದೆ ಸಾರ್. ಅಗ್ದಾಕ್ಬಿಡ್ತಾರೆ ಅಂತ.”

“ನಾನ್‌ಫಿಕ್ಷನ್ ಅಂತ ಅಚ್ಚಾಗೋಗಿದೆ ತಾತ. ನಿಮ್ಮನ್ನ ಒಳಗೆ ಬಿಡೋಕೆ ಹೆಡ್ಡಾಫೀಸು ಒಪ್ಬೇಕು, ಅಲ್ಲಿ ಇದನ್ನೇ ನಂಬ್ತಾರೆ, ನಿಮ್ಮನ್ನಲ್ಲ.”

ಮುರಳಿಯೇ ಶರಣ್ಯಳಿಗೆ ಫೋನ್ ಮಾಡಿಕೊಟ್ಟ. ಪುಸ್ತಕದಲ್ಲಿರುವುದು ಸುಳ್ಳು ಎಂದದ್ದಕ್ಕೆ ಅವಳಿಗೆ ನೋವಾದಂತಿತ್ತು. ರೆಕಾರ್ಡಿಂಗ್ ಇನ್ನೂ ತನ್ನ ಬಳಿ ಇದೆ, ತಾತ ಹೇಳಿದ್ದರಲ್ಲಿ ಒಂದು ಮಾತನ್ನೂ ಬದಲಿಸಿಲ್ಲ ಎಂದಳು. ಅದು ನಿಜವೂ ಆಗಿತ್ತು.

ಆವಲಪ್ಪ ಎಡೆಯ ಬುಟ್ಟಿ ಹಿಡಿದು ಕಾಂಪೌಂಡಿನ ಉದ್ದಕ್ಕೂ ನಡೆದ. ಗೋಡೆಯ ಮೇಲೆ ಹೊಂಗೆಯ ತುದಿ ಕಾಣುವ ಕಡೆ ನಿಂತು, ಫುಟ್‌ಪಾತಿನಲ್ಲಿ ಎಲೆ ಹಾಸಿ, ಅನ್ನ, ವಡೆ, ಪಾಯಸ ಬಡಿಸಿದ. ಗೋಡೆಯಿಂದ ಇಪ್ಪತ್ತು ಹೆಜ್ಜೆ ಆಚೆಗೆ ಅಪ್ಪ. ಆ ಕಡೆಗೆ ಮುಖ ಮಾಡಿ ಕೂತು ಕೈ ಮುಗಿದ. ಅಷ್ಟರಲ್ಲಿ ಟ್ರಾಫಿಕ್ ತಪ್ಪಿಸಲು ಫುಟ್‌ಪಾತ್ ಹತ್ತಿದ ಸ್ಕೂಟರೊಂದು ಎಲೆಯ ಮೇಲೆ ಹಾದು ಹೋಯಿತು. ಹಿಂದೆ ಇನ್ನೂ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಆವಲಪ್ಪ ಕೂತಲ್ಲೇ ಬಾಗಿ, ಚೆದುರಿದ ಅನ್ನವನ್ನು ಎರಡೂ ಕೈಯಿಂದ ಬಳಿದು ಗೋಡೆಯ ಬುಡಕ್ಕೆ ಒತ್ತರಿಸಿದ.