ಕುರ್ಚಿ ಎಳೆದು ತಂದ ಮೇಡಂ

ಮನುಷ್ಯರ ದನಿಯ ಏರಿಳಿತವನ್ನು ಬಣ್ಣಿಸುವ ಇಂಗ್ಲಿಷ್ ವಿಶೇಷಣಗಳನ್ನು ನಮ್ಮ ಶಾಲೆಯಷ್ಟು ಖಚಿತವಾಗಿ ಬಲ್ಲ ಶಾಲೆ ಇನ್ನೊಂದಿರಲಾರದು. ಆ ಹೆಗ್ಗಳಿಕೆಯು ಮೂವತ್ತನಾಲ್ಕು ವರ್ಷ ಇಲ್ಲಿ ಇಂಗ್ಲಿಷ್ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರೊಬ್ಬರಿಗೇ ಸಲ್ಲತಕ್ಕದ್ದು. ಅವರ ದನಿ 'ಬೂಮಿಂಗ್' ಜಾತಿಯದು. ಅವರು ಹಾಜರಿ ಕೂಗಿದರೆ ಪಕ್ಕದ ತರಗತಿಯ ಮಕ್ಕಳೂ 'ಪ್ರೆಸೆಂಟ್' ಅನ್ನುತ್ತಿದ್ದರು. ನಾವಿಟ್ಟ ಅಡ್ಡಹೆಸರು ಗುಡುಗು ಮೇಡಂ. ಅದು ಅವರಿಗೆ ಗೊತ್ತಿತ್ತು, ಇಷ್ಟವೂ ಇತ್ತು.

ಅವರ ಪಾಠದ ಕ್ರಮವೇ ಬೇರೆ. ಕರಿಹಲಗೆಯಿಂದ ಹಿಂದಿನ ಗೋಡೆಯವರೆಗೆ ನೆಲದ ಮೇಲೆ ಸೀಮೆಸುಣ್ಣದ ನಾಲ್ಕು ಗೆರೆ. ನಾವು ಹಲಗೆಯ ಬಳಿ ನಿಂತು ಓದಬೇಕು. ಅವರು ಗೋಡೆಯಿಂದ ಹೊರಟು, ಮಾತು ಕಿವಿಗೆ ಬಿದ್ದ ಗೆರೆಯಲ್ಲಿ ನಿಲ್ಲುವರು. ಗೋಡೆಯ ಬಳಿಯೇ ಕೇಳಿಸಿದರೆ 'ಲೌಡ್', ನಡುವೆ 'ಕ್ಲಿಯರ್', ಇನ್ನೂ ಈಚೆಗೆ 'ಸಾಫ್ಟ್', ತೀರಾ ಹತ್ತಿರ ಬರಬೇಕಾದರೆ 'ಫೇಂಟ್'. 'ಇನ್‌ಆಡಿಬಲ್', ಅಂದರೆ ಕೇಳಿಸದ್ದು, ಎಂಬುದಕ್ಕೆ ಮಾತ್ರ ಗೆರೆಯಿಲ್ಲ. "ಅದು ಮಾತಾಡೋರ ಗುಣ ಅಲ್ಲ ಕಣ್ರೋ, ಹತ್ತಿರ ಹೋಗದೋರ ಸೋಮಾರಿತನ" ಎನ್ನುತ್ತಿದ್ದರು. ನಿಘಂಟು ಒಪ್ಪಲಿಕ್ಕಿಲ್ಲ, ನಾನು ಒಪ್ಪುತ್ತೇನೆ.

ಏಕೆಂದರೆ ನಾನು ಸದಾ 'ಫೇಂಟ್' ಗೆರೆಯವಳು. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಫೇಲಾದರೆ ಓದು ಬಿಡಿಸುವುದಾಗಿ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ನಮ್ಮ ತರಗತಿಯಲ್ಲೇ ದೂರದಲ್ಲಿ, ಹಿಂದಿನ ಬಾಗಿಲ ಬಳಿ, ಫ್ಯಾನಿನ ಕೆಳಗೆ ಕುಳಿತಿದ್ದರು. ನಾನು ಓದತೊಡಗಿದೆ. "ಏನೂ ಕೇಳಿಸ್ತಿಲ್ಲಮ್ಮ. ಮನೇಲಿ ಊಟ ಹಾಕಲ್ವಾ?" ಎಂದು ನಕ್ಕು, 'ಇನ್‌ಆಡಿಬಲ್' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ಅವರ ಪಕ್ಕದಲ್ಲಿ ಕುಳಿತಿದ್ದ ಮೇಡಂ ಎದ್ದರು. ಗುಡುಗಲಿಲ್ಲ. "ಸಾರ್, ಒಂದ್ನಿಮಿಷ ಏಳಿ" ಎಂದು ಮೆಲ್ಲಗೆ ಹೇಳಿ, ಅವರು ಎದ್ದದ್ದೇ ತಡ, ಕುರ್ಚಿಯನ್ನು ದರದರ ಎಳೆದು ತಂದು 'ಸಾಫ್ಟ್' ಗೆರೆಯ ಮೇಲಿಟ್ಟರು. "ಈಗ ಕೂತ್ಕೊಳ್ಳಿ. ನಮ್ಮ ಹುಡುಗಿ ಸಾಫ್ಟ್, ಸಾರ್. ನೀವು ದೂರ ಇದ್ರಿ, ಅಷ್ಟೇ." ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ ಕುಳಿತರು.

ನನಗಾಗಿ ಮೇಡಂ ಒಂದು ಗೆರೆಯಷ್ಟು ಸುಳ್ಳು ಹೇಳಿದ್ದರು. ಅದನ್ನು ನಿಜ ಮಾಡಲೇಬೇಕಾಯಿತು, ಆ ಗೆರೆಗೆ ಕೇಳಿಸುವಷ್ಟು ದನಿಯೆತ್ತಿ ಓದಿದೆ. ಐವತ್ತಕ್ಕೆ ನಲವತ್ತಮೂರು ಅಂಕ ಬಂತು. ಇಂದು ಅದೇ ಕೊಠಡಿಯಲ್ಲಿ, ಅದೇ ಗೆರೆಗಳನ್ನೆಳೆದು, ನಾನೂ ಇಂಗ್ಲಿಷ್ ಕಲಿಸುತ್ತೇನೆ.

ಸನ್ಮಾನದ ದಿನ ಈ ಲೇಖನ ಓದುವವಳು ನಾನೇ. ಈಚೆಗೆ ಮೇಡಂ ಅವರ ಕಿವಿ ತುಸು ಮಂದವಾಗಿದೆ. "ನೀನು ಓದೋದು ನಂಗೆ ಕೇಳಿಸುತ್ತೇನೇ?" ಎಂದು ಮೊನ್ನೆ ಸ್ಟಾಫ್ ರೂಮಿನಲ್ಲಿ ಕೇಳಿದರು, ದನಿಯಲ್ಲಿ ಗುಡುಗಿರಲಿಲ್ಲ, ಅಳುಕಿತ್ತು.

ಮೇಡಂ, ನಿಮಗೆ ದೀರ್ಘವಾದ, ಮಾತು ತುಂಬಿದ ಆಯುಸ್ಸು ದೊರೆಯಲಿ. ನೀವು ಬರೆಯಲು ಕೈಗೆತ್ತಿಕೊಂಡಿರುವ ದನಿಯ ಪದಗಳ ಪುಸ್ತಕ ಬೇಗ ಮುಗಿಯಲಿ. ಕೇಳಿಸುವ ಚಿಂತೆ ನಿಮಗೆ ಬೇಡ. ಈ ಸಲ ಕುರ್ಚಿ ನಾನು ಎಳೆದು ತರುತ್ತೇನೆ.