ಬುಟ್ಟಿಯಡಿಯ ಹಿಮ್ಮಡಿ ಗುರುತು

ಆಗ ನಮ್ಮ ಪಾಲಿಗೆ ಲೋಕದಲ್ಲಿದ್ದದ್ದು ಎರಡೇ ಕಾಲೇಜು. ಒಂದು ಶಿಕಾರಿಪುರದ್ದು, ಅಲ್ಲಿನ ಕಬಡ್ಡಿ ತಂಡದಲ್ಲಿ ನಮ್ಮಣ್ಣನಿದ್ದ. ಇನ್ನೊಂದು ಸೊರಬದ್ದು, ಅಲ್ಲಿ ಲಲಿತಳ ಚಿಕ್ಕಪ್ಪ. ನಾನೂ ಲಲಿತಳೂ ಆನವಟ್ಟಿಯಲ್ಲಿ ಏಳನೇ ಕ್ಲಾಸಿನ ಒಂದೇ ಬೆಂಚಿನವರು. ಸೋತರೆ ಸೋತೆವು ಎನ್ನುವ ಹುಡುಗಿಯಲ್ಲ ಅವಳು. ಒಂದು ವರ್ಷ ಬಿಸಿಲು ಕಣ್ಣಿಗೆ ಹೊಡೆಯಿತು, ಮರುವರ್ಷ ಚಿಕ್ಕಪ್ಪನಿಗೆ ಜ್ವರ, ಅದರ ಮುಂದಿನ ವರ್ಷ ಅಂಪೈರೇ ಸರಿಯಿಲ್ಲ. "ನೀವು ಗೆದ್ರಿ ಕಣೇ" ಎಂದು ಅವಳ ಬಾಯಿಂದ ಒಮ್ಮೆ ಕೇಳಲೇಬೇಕೆಂದು ನನಗೆ ಹಟ.

ಆ ಚಳಿಗಾಲ ಎರಡೂ ತಂಡ ನಮ್ಮೂರಲ್ಲೇ ಆಡಿದವು. ಧೂಳು ಏಳದಿರಲೆಂದು ನೀರು ಹೊಡೆದ ಅಂಕಣ, ಬರಿಗಾಲ ಹುಡುಗರು, ಹಸಿಮಣ್ಣಿನ ವಾಸನೆಯ ಜೊತೆ ಮೈದಾನದಂಚಿನ ಬಾಣಲೆಯಿಂದ ಮಿರ್ಚಿ ಬಜ್ಜಿಯ ಘಾಟು. ಕೊನೆಯ ರೈಡಿಗೆ ಹೋದ ಅಣ್ಣ ಲಲಿತಳ ಚಿಕ್ಕಪ್ಪನನ್ನೇ ಮುಟ್ಟಿ ಬಂದ. ಒಂದು ಪಾಯಿಂಟಿನಿಂದ ಗೆದ್ದೆವು. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಎಸೆದು ಕುಣಿದೆ.

"ನಿಮ್ಮಣ್ಣನ ಹಿಮ್ಮಡಿ ಅಂಚಿನ ಗೆರೆ ದಾಟಿತ್ತು ಮಾರಾಯ್ತಿ. ಮುಟ್ಟೋಕ್ಕಿಂತ ಮೊದ್ಲೇ ಔಟು," ಎಂದಳು ಲಲಿತ.

"ಅಂಪೈರಿಗೆ ಕಾಣದ್ದು ನಿಂಗೆ ಕಾಣ್ತಾ?"

"ನಾಳೆ ಬೆಳಗ್ಗೆ ಬಾ, ತೋರಿಸ್ತೀನಿ."

ಬೆಳಗ್ಗೆ ಹೋದರೆ, ಖಾಲಿ ಮೈದಾನದಲ್ಲಿ ಅವರ ಮನೆಯ ಸಗಣಿ ಬುಟ್ಟಿ ಬೋರಲಾಗಿ ಕೂತಿದೆ, ಮೇಲೊಂದು ಕಲ್ಲು. ಗುರುತನ್ನು ದನ ತುಳಿಯದಿರಲೆಂದು ಸಂಜೆಯೇ ಮುಚ್ಚಿಟ್ಟು ಹೋಗಿದ್ದಳಂತೆ. ಬುಟ್ಟಿ ಕಾಣದೆ ಅವರಮ್ಮ ಮನೆಯಲ್ಲಿ ಬೈಯುತ್ತಿದ್ದರಂತೆ. ಇಂಥವಳ ಜೊತೆ ಏಗುವುದು ಹೇಗೆ ಹೇಳಿ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಬುಟ್ಟಿ ಎತ್ತಿದಳು. ಸುಣ್ಣದ ಗೆರೆಯಿಂದ ಎರಡು ಬೆರಳು ಆಚೆ ಹಿಮ್ಮಡಿ ಅಚ್ಚಾಗಿ ಮೂಡಿತ್ತು, ನಡುವೆ ಉದ್ದಕ್ಕೆ ಸೀಳು. ಚಳಿಗೆ ಒಡೆದ ಅಣ್ಣನ ಆ ಹಿಮ್ಮಡಿಗೆ ಅಮ್ಮ ಮುಲಾಮು ಹಚ್ಚುವುದನ್ನು ದಿನಾ ನೋಡುತ್ತಿದ್ದವಳು ನಾನು. ಏನೂ ತೋಚದೆ ಕಾಲಿಂದ ಉಜ್ಜಿ ಅಳಿಸಿಬಿಟ್ಟೆ.

ಲಲಿತ ಕೂಗಾಡಲಿಲ್ಲ. ಬುಟ್ಟಿಯ ಮಣ್ಣು ಕೊಡವಿ ಕಂಕುಳಲ್ಲಿಟ್ಟುಕೊಂಡಳು.

"ಅಳಿಸಿದ್ರೆ ಏನಾಯ್ತು? ನೀ ನೋಡಿದ್ಯಲ್ಲ, ಅಷ್ಟು ಸಾಕು."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಅವಳೇ ಬಂದು ಬೇರೇನೋ ಜಗಳ ತೆಗೆದಳು, ಮತ್ತೆ ಒಂದಾದೆವು. ಅಣ್ಣ ಔಟಾಗಿದ್ದ ಎಂದು ನಾನು ಒಪ್ಪುತ್ತಿರುವುದು ಇದೇ ಮೊದಲು.

ಈಗ ಅವಳು ಸೊರಬದ ಕಡೆಯ ಜಡೆ ಊರಲ್ಲಿ, ನಾನು ಶಿಕಾರಿಪುರದಲ್ಲಿ. ಮೊನ್ನೆ ಅದೇ ಎರಡು ಕಾಲೇಜು ಫೈನಲ್ಲಿಗೆ ಬಂದವು, ಒಂದೇ ಪಾಯಿಂಟಿನಿಂದ ನಮ್ಮವರು ಗೆದ್ದರು. ಕೊನೆಯ ರೈಡಿನ ವಿಡಿಯೊ ಅವಳಿಗೆ ಕಳಿಸಿದೆ. ನೋಡಿದವರಿಗೆಲ್ಲ ಅನುಮಾನ ಹುಟ್ಟಿಸುವ ಪಾಯಿಂಟು. ಫೋನ್ ಬಂದೇ ಬರುತ್ತದೆಂದು ಒಲೆ ಆರಿಸಿ, ಉತ್ತರ ಜೋಡಿಸಿಕೊಂಡು ಕೂತೆ. ಬಂದದ್ದು ಮೆಸೇಜು: "ಕಂಗ್ರಾಟ್ಸ್ ರೀ. ನಿಮ್ಮವರು ಚೆನ್ನಾಗಿ ಆಡಿದ್ರು." ಕೆಳಗೆ ಕೈಮುಗಿದ ಚಿತ್ರ.

ಇಷ್ಟು ವರ್ಷ ನಾನು ಕಾದಿದ್ದು ಇದೇ ಮಾತಿಗೆ. ಓದಿ ಮೈಯೆಲ್ಲ ಉರಿಯಿತು. ಜಗಳವನ್ನಾದರೂ ಉಳಿಸಿಕೊಳ್ಳಬಾರದಿತ್ತೆ ಇವಳು.