ಹಳದಿಗೆ ತಿರುಗಿದ ಪಟ್ಟಿ

ಹಳ್ಳದ ನೀರಿನಲ್ಲಿ ನಾನು ಅದ್ದಿದ, ನೀರು ಪರೀಕ್ಷಿಸುವ ಕಾಗದದ ಪಟ್ಟಿ ಹಸಿರಾಗಬೇಕಿತ್ತು, ಹಳದಿಯಾಯಿತು. ಪಕ್ಕದಲ್ಲಿ ನಿಂತಿದ್ದ ಕುರಿ ಕಾಯುವ ಸತ್ಯವ್ವ ದೇವರ ಅರಿಶಿನ ಕಂಡಂತೆ ಅದಕ್ಕೆ ಕೈಮುಗಿದಳು.

"ಕೊಕಟನೂರ ಯಲ್ಲವ್ವನ ಭಂಡಾರ ಬಂತ ನೋಡ್ರಿ. ನೀರ ಚೊಲೋ ಐತಿ," ಎಂದು ಕುರಿಗಳನ್ನು ನೀರಿಗಿಳಿಸಲು ತಿರುಗಿದಳು.

ಕರೋಶಿಯ ಹೊರಗಿನ ಈ ದಿಬ್ಬದಲ್ಲಿ ಜಮೀನಿನ ಒಡೆಯ ಅಪ್ಪಾಸಾಹೇಬರು ಪೈನ್ ಗಿಡ ಹಚ್ಚಿದ್ದಾರೆ; ಅವರೂ ಅಲ್ಲೇ ನಿಂತಿದ್ದರು. ಉದುರಿದ ಸೂಜಿಯೆಲೆಗಳಿಂದ ಹಳ್ಳದ ನೀರು ಬದಲಾಗಿದೆಯೇ ಎಂದು ನೋಡಲು ನಾನು ವಿಶ್ವವಿದ್ಯಾಲಯದಿಂದ ಬಂದಿದ್ದೆ. ಸತ್ಯವ್ವನ ಎರಡು ಗಬ್ಬದ ಕುರಿಗಳು ಆ ವಾರ ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಅವಳ ಗುಮಾನಿ ಈ ನೀರಿನ ಮೇಲೆ.

"ತಡೀರಿ. ಇದು ಭಂಡಾರ ಅಲ್ಲ, ನೀರು ಹುಳಿಯಾಗಿದೆ," ಎಂದೆ.

ಅವಳು ಸೊಪ್ಪು ಕಡಿಯುವ ಕೊಡಲಿ ಎತ್ತಿಕೊಂಡು ಗಿಡಗಳತ್ತ ತಿರುಗಿದಳು. "ಸಾಹೇಬಾ, ನಿನ್ನ ಗಿಡಾನ ನನ್ನ ಮರಿ ತಿಂದಾವ."

"ಹುಳಿ ಮಜ್ಜಿಗಿ ಕುಡದ ನೀ ಸತ್ತೀಯೇನ ಬೇ?" ಅಪ್ಪಾಸಾಹೇಬರು ಗಿಡಗಳಿಗೆ ಅಡ್ಡ ನಿಂತರು.

ಇಷ್ಟು ಹುಳಿಯಿಂದಲೇ ಮರಿಗಳು ಹೋದವೆನ್ನಲಾಗದು, ಗಿಡಗಳಿಗಿಂತ ಮೇಲಿನ ನೀರನ್ನೂ ನೋಡಬೇಕು ಎಂದೆ.

"ಹಂಗಾರ ಇವತ್ತ ಕುರಿ ಏನ ಕುಡೀಬೇಕ್ರಿ ಅಕ್ಕಾರ?" ಸತ್ಯವ್ವ ನನ್ನನ್ನು ಕೇಳಿದಳು.

ಅಪ್ಪಾಸಾಹೇಬರು, "ನನ್ನ ಬಾವಿಗೆ ಹೊಡಕೊಂಡ ಬಾ," ಎಂದರು. ಅವಳು ಕೊಡಲಿ ಕೆಳಗಿಡದೆಯೇ ಹೊರಟಳು.

ಮರುದಿನ ಬೆಳಿಗ್ಗೆ, ಗಿಡಗಳಿಗಿಂತ ಮೇಲೆ, ಹಳ್ಳ ಹುಟ್ಟುವ ಜಾಗಕ್ಕೆ ಹತ್ತಿದೆ. ಇಬ್ಬರೂ ನನಗಿಂತ ಮೊದಲೇ ಬಂದು, ದೂರ ದೂರ ಕುಳಿತಿದ್ದರು. ಹೊಸ ಪಟ್ಟಿಯನ್ನು ನೀರಿಗೆ ಅದ್ದುವ ಮೊದಲು, ಹಸಿರಾದರೆ ಹುಳಿ ಗಿಡಗಳಿಂದ ಬಂದಿರಬಹುದು, ಇಲ್ಲೂ ಹಳದಿಯಾದರೆ ಗಿಡಗಳದ್ದಲ್ಲ ಎಂದು ಇಬ್ಬರಿಗೂ ಹೇಳಿದೆ.